ಅವರ ನಂಬರಿಗೆ ಸುರಿದ ಎಲೆ

ಏಳನೇ ಲೈನು, ಚಹಾ ತೋಟ, ಕೆರಿಚೋ
ಭಾನುವಾರ, 20 ಜುಲೈ 1997

ಪ್ರೀತಿಯ ಮಗಳು ಕೆರೂಬೊಗೆ ನಿನ್ನಮ್ಮ ಬೋಸಿಬೋರಿಯ ಆಶೀರ್ವಾದಗಳು.

ನಾವಿಲ್ಲಿ ಎದ್ದು ಓಡಾಡಿಕೊಂಡಿದ್ದೇವೆ. ನೀನು ನಕುರುವಿನಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ನಿನ್ನಿಂದ ಮೂರು ಪತ್ರ ಬಂದವು, ನನ್ನಿಂದ ಒಂದೂ ಹೋಗಲಿಲ್ಲ. ಲೈನುಮನೆಗಳ ಅರ್ಧ ಹೆಂಗಸರಿಗೆ ಕಾಗದ ಬರೆದುಕೊಡುವವಳು ಸ್ವಂತ ಮಗಳಿಗೆ ನಾಲ್ಕು ಸಾಲು ಗೀಚಲಿಲ್ಲವೆಂದರೆ ನೀನು ಏನೆಂದುಕೊಂಡಿರಬೇಡ! ಕ್ಷಮಿಸು ತಾಯಿ. ಮೊದಲು ಮಳೆ ಹಿಡಿದು ಎಲೆ ನುಗ್ಗಿ ಬಂತು. ಬೆಳಿಗ್ಗೆ ಆರಕ್ಕೆ ಬೆನ್ನಿಗೇರಿದ ಬುಟ್ಟಿ ಸಂಜೆಯವರೆಗೆ ಇಳಿಯುತ್ತಿರಲಿಲ್ಲ. ಆಮೇಲೆ ಬಲಗೈ ಮಣಿಕಟ್ಟು ಊದಿಕೊಂಡು ಸೌಟು ಹಿಡಿಯುವುದೇ ಕಷ್ಟವಾಯಿತು, ಇನ್ನು ಪೆನ್ನು ಎಲ್ಲಿಂದ ಬಂತು. ತೋಟದ ಆಸ್ಪತ್ರೆಯ ನರ್ಸಮ್ಮ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಕೆರೂಬೊ ಅಮ್ಮಾ, ಇನ್ನೆರಡು ವರ್ಷ ಹೀಗೇ ಎಲೆ ಕಿತ್ರೆ ಈ ಕೈಯಲ್ಲಿ ನೀವು ತಲೆವಸ್ತ್ರಾನೂ ಕಟ್ಕೊಳ್ಳೋಕಾಗಲ್ಲ" ಅಂದಳು. ಉಪ್ಪು ಹಾಕಿದ ಬಿಸಿನೀರಲ್ಲಿ ದಿನವೂ ಅದ್ದುತ್ತಿದ್ದೇನೆ. ಹೆದರಬೇಡ, ಸ್ವಲ್ಪ ಇಳಿದಿದೆ.

ಇವೆಲ್ಲ ನಿಜವೇ. ಆದರೂ ನೆಪಗಳೇ. ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಿನ್ನ ಎರಡನೇ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಂದೇ ಪ್ರಯೋಗಾಲಯ, ಒಂದೇ ಮೇಜು, ಸೂಕ್ಷ್ಮದರ್ಶಕದಲ್ಲಿ ನೋಡುವ ಅದೇ ರಕ್ತದ ಗಾಜುಗಳು. ಬರಾಸಾ ನಿನಗಿಂತ ಒಂದು ವರ್ಷ ತಡವಾಗಿ ಸೇರಿದವನು. ಅವನ ಸಂಬಳ ನಿನ್ನದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು. ಯಾಕೆಂದು ಕೇಳಿದರೆ ಡಾಕ್ಟರು ಬೆರಳು ಮಡಿಸಿ ಹೇಳಿದರಂತೆ: ಅವನು ಮುಂದೆ ಸಂಸಾರ ಸಾಕಬೇಕು, ನೀನು ಮದುವೆಯಾದರೆ ಬಾಣಂತನವೆಂದು ಮೂರು ತಿಂಗಳು ಮನೆಯಲ್ಲಿ ಕೂರುತ್ತೀ, ಅವನು ಸೇರುವಾಗಲೇ ಇಷ್ಟು ಕೊಡಿ ಎಂದು ಕೇಳಿದ್ದ, ನೀನು ಕೊಟ್ಟಷ್ಟಕ್ಕೆ ತಲೆಯಾಡಿಸಿದೆ, ಮತ್ತೆ ರಿಜಿಸ್ಟರು ನೋಡಿದರೆ ಅವನೇ ನಿನಗಿಂತ ಹೆಚ್ಚು ಗಾಜು ನೋಡುತ್ತಾನೆ. ಅದರ ಕೆಳಗೆ ನೀನು ಬರೆದಿದ್ದೀ, "ಅದು ಹೇಗೆ ಅಂದ್ರೆ ಅಮ್ಮಾ, ಅವನು ತಡವಾಗಿ ಬಂದ ದಿನ ಅವನ ಪಾಲಿಂದೂ ನಾನೇ ನೋಡಿ ಅವನ ಹೆಸರು ಬರೀತೀನಿ. ಇಲ್ಲಾಂದ್ರೆ ಇಬ್ಬರಿಗೂ ಬೈಗುಳ. ಹುಡುಗ ಒಳ್ಳೆಯವನು." ಆ ಸಾಲಿಗೆ ಬಂದಾಗಲೆಲ್ಲ ನನ್ನ ಕಣ್ಣು ಮುಂದಕ್ಕೆ ಹೋಗುವುದಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಅಂದಹಾಗೆ, ಮೂರು ಪತ್ರದಲ್ಲಿ ಆ ಒಳ್ಳೆ ಹುಡುಗನ ಹೆಸರು ಹನ್ನೊಂದು ಸಲ ಬಂದಿದೆ. ಎಣಿಸಿದ್ದು ನಾನಲ್ಲ, ಪಕ್ಕದ ಮನೆ ನಸಿಮಿಯು. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಅವಳು ಬೆರಳಲ್ಲಿ ಎಣಿಸುತ್ತಾ ಹೋದಳು. "ಬರಾಸಾ ಅಂದ್ರೆ ನಮ್ಮ ಬುಂಗೋಮಾ ಕಡೆ ಹುಡುಗ ಕಣೇ. ಬಂದ ದಿನ ಕೋಳಿ ಕುಯ್ಯದಿದ್ರೆ ಎದ್ದು ಹೋಗ್ತಾನೆ, ಈಗ್ಲೇ ಒಂದು ಮೇಯಿಸಿಟ್ಕೋ" ಅಂದಳು. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ಮೇಸ್ತ್ರಿಯಾಗಿ ಒಂದೂವರೆ ವರ್ಷವಾಯಿತಲ್ಲ, ಕೋಲು ಹಿಡಿದು ಸಾಲುಗಳ ಮಧ್ಯೆ ತಿರುಗುವ ನಡಿಗೆಯೇ ಬೇರೆಯಾಗಿದೆ. ಶನಿವಾರ ಸಬ್ಬತ್ತಿನ ದಿನ ಚರ್ಚಿನ ಸಭೆಯಲ್ಲೂ ಮುಂದಿನ ಬೆಂಚೇ ಬೇಕು. ನಿನ್ನ ತಮ್ಮ ಮೊಗಾಕ ಕಿಸುಮುವಿನ ಗ್ಯಾರೇಜಿನಲ್ಲೇ ಇದ್ದಾನೆ. ದುಡ್ಡು ಬೇಕಾದಾಗ ಮಾತ್ರ ಅಕ್ಕ, ಅಮ್ಮ, ದೇವರು ಎಲ್ಲ ನೆನಪಾಗುತ್ತಾರೆ ಅವನಿಗೆ.

ಈಗ ನನ್ನ ಸುದ್ದಿ ಕೇಳು. ಹೇಳುವುದೋ ಬೇಡವೋ ಎಂದು ಮೂರು ವಾರ ಹೊರಳಾಡಿದ್ದೇನೆ.

ಮೇ ತಿಂಗಳಲ್ಲಿ ಚಹಾ ಕೊಳ್ಳುವ ಹೊರದೇಶದವರು ಇಬ್ಬರು ತೋಟಕ್ಕೆ ಬಂದಿದ್ದರಂತೆ. ಬಂದವರು ಎಲೆ ನೋಡುವುದು ಬಿಟ್ಟು, "ಇಷ್ಟು ಜನ ಮೇಸ್ತ್ರಿಗಳಲ್ಲಿ ಒಬ್ಬಳೂ ಹೆಂಗಸು ಯಾಕಿಲ್ಲ?" ಎಂದು ಕೇಳಿದರಂತೆ. ಮ್ಯಾನೇಜರು ತಲೆ ಕೆರೆದುಕೊಂಡರು. ಹದಿನೈದು ದಿನಕ್ಕೆ ತೂಕದ ಶೆಡ್ಡಿನ ಗೋಡೆಗೆ ಕಾಗದ ಅಂಟಿತು: ನಮ್ಮ ವಿಭಾಗಕ್ಕೆ ಹೆಂಗಸರೊಬ್ಬರನ್ನು ಮೇಸ್ತ್ರಿಯಾಗಿ ತೆಗೆದುಕೊಳ್ಳುತ್ತಾರೆ, ಓದು ಬರಹ ಬರಬೇಕು, ಕಳೆದ ಐದು ವರ್ಷದ ತೂಕ ನೋಡಿ ಆರಿಸುತ್ತಾರೆ.

ನಾನು ಓದಿ ಹೇಳುವುದು ಮುಗಿಯುವ ಮೊದಲೇ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ಇನ್ಯಾರು? ಕೆರೂಬೊ ಅಮ್ಮನೇ!" ಅಂದರು. ನಿನ್ನಮ್ಮ ಕೊಚ್ಚಿಕೊಳ್ಳುವವಳಲ್ಲ, ಆದರೂ ಇದೊಂದು ಮಾತು ಹೇಳಿಬಿಡುತ್ತೇನೆ. ಈ ಬೆಟ್ಟದಲ್ಲಿ ನನ್ನಷ್ಟು ಬೇಗ ಎರಡೆಲೆ ಒಂದು ಕುಡಿ ಕೀಳುವವರು ಇಲ್ಲ. ಗಂಡಸರಲ್ಲೂ ಇಲ್ಲ. ಇದು ನನಗೆ ಗೊತ್ತು, ಸಾಲಿನಲ್ಲಿ ನನ್ನ ಪಕ್ಕ ನಿಂತವರಿಗೆಲ್ಲ ಗೊತ್ತು.

ನನಗೆ ಆಸೆಯಾಯಿತು ಮಗಳೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ನಲವತ್ತಾರು ವರ್ಷಕ್ಕೆ ಹುಡುಗಿಯ ಹಾಗೆ ಆಸೆಯಾಯಿತು. ಬುಟ್ಟಿ ಹೊರುವುದಿಲ್ಲ. ಕೈಗೆ ವಿಶ್ರಾಂತಿ. ಕಿಲೋ ಲೆಕ್ಕದ ಕೂಲಿ ಹೋಗಿ ತಿಂಗಳ ಸಂಬಳ, ಈಗ ಬರುವುದರ ಹತ್ತಿರ ಹತ್ತಿರ ಎರಡರಷ್ಟು. ಸೇವೆ ಮುಗಿದಾಗ ಬರುವ ಇಡುಗಂಟೂ ಅದೇ ಲೆಕ್ಕದ್ದು. ಆವತ್ತು ಮನೆಗೆ ಬಂದು ಚಹಾ ಮಾಡಿಕೊಂಡು ಒಬ್ಬಳೇ ಕೂತು ಕುಡಿದೆ. ನಮ್ಮ ಚರ್ಚಿನ ಹಿರಿಯರು ಚಹಾ ಕುಡಿಯುವುದು ಪಾಪ ಅನ್ನುತ್ತಾರೆ. ಅವರು ಒಂದು ದಿನ ಬಂದು ಕಿತ್ತು ನೋಡಲಿ.

ಅರ್ಜಿ ಹಾಕಿದೆ. ಅದಾದ ವಾರಕ್ಕೆ ದೊಡ್ಡ ಆಫೀಸಿನಿಂದ ಚೆಲಂಗಾಟ್ ಎನ್ನುವ ಮೇಡಂ ಒಬ್ಬರು ಬಂದರು. ಕೂಲಿಗಳ ಕಷ್ಟಸುಖ ನೋಡುವ ಅಧಿಕಾರಿ. ಸಣ್ಣ ವಯಸ್ಸು, ಗಟ್ಟಿ ದನಿ, ಕಾಲಿಗೆ ರಬ್ಬರ್ ಬೂಟು. ತೂಕದ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕೈಯಲ್ಲಿದ್ದ ಹಾಳೆ ತೋರಿಸಿದರು.

"ನೋಡಿ, ಕಿಲೋಗೆ ಗಂಡಸರಿಗೂ ಅದೇ ದರ, ಹೆಂಗಸರಿಗೂ ಅದೇ ದರ. ಕಂಪನಿ ಭೇದ ಮಾಡಿಲ್ಲ. ಆದ್ರೂ ತಿಂಗಳ ಕೊನೆಗೆ ಗಂಡಸಿಗೆ ನೂರು ಬಂದ್ರೆ ಹೆಂಗಸಿಗೆ ಬರೋದು ಎಪ್ಪತ್ತು. ಯಾಕೆ? ನೀವೇ ಹೇಳಿ, ನಾನು ಬರ್ಕೊಳ್ತೀನಿ" ಅಂದರು.

ಗಿಡ ಸವರುವ ಒಂಬಾಟಿ ಎದ್ದು ನಿಂತ. ಅವನ ಬಾಯಿ ನಿನಗೆ ಗೊತ್ತೇ ಇದೆ. "ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ ಮೇಡಂ? ಇವರ ಬಾಯಿ ಓಡಿದಷ್ಟು ಕೈ ಓಡಲ್ಲ" ಅಂದ. ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಸಿಮಿಯು ಬಿಡುತ್ತಾಳೆಯೇ? "ಬರ್ಕೊಳ್ಳಿ ಮೇಡಂ, ಬರ್ಕೊಳ್ಳಿ. ಅದರ ಕೆಳಗೇ ಇದನ್ನೂ ಬರ್ಕೊಳ್ಳಿ. ಇವನ ಹೆಂಡ್ತಿ ನಾಲ್ಕು ಗಂಟೆಗೇ ಬುಟ್ಟಿ ಇಳಿಸಿ ಓಡ್ತಾಳೆ. ಯಾಕೆ? ಈ ದೊರೆಗೆ ಉಗಾಲಿ ಮುದ್ದೆ ಬೇಯಿಸೋಕೆ. ನೀರು ತರೋಳು ಅವಳು, ಸೌದೆ ತರೋಳು ಅವಳು. ಇವನ ಕೈ ಓಡೋದು ಗಂಗಾಳದಿಂದ ಬಾಯಿಗೆ ಮಾತ್ರ!"

ಆಮೇಲೆ ಬಾಯಿಗಳು ಬಿಚ್ಚಿಕೊಂಡವು. ಗಿಡ ಸವರುವುದು, ಔಷಧಿ ಹೊಡೆಯುವುದು, ಟ್ರ್ಯಾಕ್ಟರಿಗೆ ತುಂಬುವುದು, ಹೆಚ್ಚು ಕೂಲಿಯ ಕೆಲಸಗಳೆಲ್ಲ ಗಂಡಸರಿಗೇ. ಶೆಡ್ಡಿನ ಹತ್ತಿರದ ಸಾಲು ಗಂಡಸರಿಗೆ, ತುದಿ ಬೆಟ್ಟದ ಸಾಲು ಹೆಂಗಸರಿಗೆ. ಬಸುರಿಗೆ ಹಗುರದ ಕೆಲಸವೆಂದು ಕಳೆ ಕೀಳಲು ಹಾಕುತ್ತಾರೆ, ಕೂಲಿಯೂ ಹಗುರವಾಗುತ್ತದೆ. ಕೂಸು ನೋಡಿಕೊಳ್ಳುವ ಮನೆ ಮೂರಕ್ಕೇ ಬಾಗಿಲು ಹಾಕುತ್ತದೆ. ಮೇಸ್ತ್ರಿಯನ್ನು ನೋಡಿ ನಗದಿದ್ದರೆ ಒಣ ಸಾಲು, ನಕ್ಕರೆ ಊರೆಲ್ಲ ಮಾತು. ಒಬ್ಬೊಬ್ಬಳು ಒಂದೊಂದು ಹೇಳಿದಳು. ಮೇಡಂ ಹಾಳೆ ತಿರುಗಿಸಿ ತಿರುಗಿಸಿ ಬರೆದರು. "ಒಂಬತ್ತು ಕಾರಣ ಆಯ್ತು. ಇನ್ನೇನಾದ್ರೂ ಇದೆಯಾ?" ಎಂದು ತಲೆಯೆತ್ತಿ ಎಲ್ಲರನ್ನೂ ನೋಡಿದರು.

ಇತ್ತು. ಶೆಡ್ಡಿನಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ನಿನಗೆ ನೆನಪಿರಬಹುದು, ರಜೆಯಲ್ಲಿ ನನ್ನ ಜೊತೆ ಬರುತ್ತಿದ್ದೆಯಲ್ಲ. ಬೆಳಗಿನ ತೂಕ ನಾನು ನನ್ನ ಕೂಲಿ ನಂಬರಿಗೆ ಹಾಕಿಸುತ್ತಿದ್ದೆ. ಮಧ್ಯಾಹ್ನದ ತೂಕಕ್ಕೆ ಬುಟ್ಟಿ ಇಳಿಸಿದಾಗ ರೈಟರು ಮರಿತಿಮ್ ತಲೆಯೆತ್ತದೆ, "ಯಾವ ನಂಬರಿಗಮ್ಮಾ?" ಎಂದು ಕೇಳುತ್ತಿದ್ದ. "ಅವರದಕ್ಕೇ" ಅನ್ನುತ್ತಿದ್ದೆ. ನಿಮ್ಮಪ್ಪನ ನಂಬರಿಗೆ ಬರೆದುಕೊಳ್ಳುತ್ತಿದ್ದ. ನಾನೊಬ್ಬಳೇ ಅಲ್ಲ, ಗಂಡನಿದ್ದ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಅದರಲ್ಲಿ ದಡ್ಡತನವೇನೂ ಇರಲಿಲ್ಲ. ಒಂದು ನಂಬರಿಗೆ ದಿನಕ್ಕೆ ಐವತ್ತು ಕಿಲೋ ದಾಟಿದರೆ ದಾಟಿದ್ದಕ್ಕೆಲ್ಲ ದರ ಹೆಚ್ಚು. ಇಬ್ಬರೂ ನಲವತ್ತು ನಲವತ್ತು ಬರೆಸಿದರೆ ಬಿಡಿಗಾಸೂ ಹೆಚ್ಚು ಸಿಗುವುದಿಲ್ಲ. ಒಬ್ಬರದು ಅರವತ್ತು, ಇನ್ನೊಬ್ಬರದು ಇಪ್ಪತ್ತು ಮಾಡಿದರೆ ಮನೆಗೆ ಲಾಭ. ಯಾರ ಹೆಸರಿಗಾದರೇನು, ಬೇಯುವ ಗಡಿಗೆ ಒಂದೇ ಎಂದುಕೊಂಡೆವು. ನಿನ್ನ ಶಾಲೆಯ ಫೀಸೂ ಹಾಗೇ ಹುಟ್ಟಿತು. ವರ್ಷದ ಕೊನೆಗೆ ಅತಿ ಹೆಚ್ಚು ಎಲೆ ಕಿತ್ತವರಿಗೆ ಮನೆ ಹೊದಿಸುವ ತಗಡು ಬಹುಮಾನ. ನಿಮ್ಮಪ್ಪನಿಗೆ ಐದು ವರ್ಷ ಒಂದೇ ಸಮ ಬಂತು. ಊರ ಮನೆಯ ಮೇಲೆ ಮಿಂಚುತ್ತಿರುವುದು ಅದೇ. ಅದೇ ದಾಖಲೆ ನೋಡಿ ಅವರನ್ನು ಮೇಸ್ತ್ರಿ ಮಾಡಿದ್ದು.

ಒಬ್ಬರ ಎಲೆ ಇನ್ನೊಬ್ಬರ ನಂಬರಿಗೆ ತೂಗಿಸಿದರೆ ಇಬ್ಬರನ್ನೂ ಕೆಲಸದಿಂದ ತೆಗೆಯುತ್ತೇವೆಂದು ಅದೇ ಶೆಡ್ಡಿನ ಗೋಡೆಯಲ್ಲಿ ಕೆಂಪಕ್ಷರದಲ್ಲಿ ಬರೆದಿದೆ. ಅದರ ಕೆಳಗೇ ತಕ್ಕಡಿ ತೂಗುತ್ತದೆ. ಇಪ್ಪತ್ತು ವರ್ಷದಲ್ಲಿ ಯಾರನ್ನೂ ತೆಗೆದಿಲ್ಲ, ಯಾಕೆಂದರೆ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ನಸಿಮಿಯುವಿನ ಗಂಡ ತೀರಿಕೊಂಡಾಗ ಒಂದು ತಮಾಷೆಯಾಗಿತ್ತು, ಅಳಬೇಕೋ ನಗಬೇಕೋ ನೀನೇ ಹೇಳು. ಮಣ್ಣು ಮಾಡಿ ಬಂದ ವಾರದಲ್ಲೇ ಅವಳ ತೂಕ ಇಪ್ಪತ್ತೆರಡರಿಂದ ನಲವತ್ತಾರಕ್ಕೆ ಏರಿತು. ಆಗಿನ ಮ್ಯಾನೇಜರು ಕರೆಸಿ, "ದುಃಖ ಮರೆಯೋಕೆ ಕೆಲಸಕ್ಕಿಂತ ಔಷಧಿ ಇಲ್ಲಮ್ಮ" ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಅವಳದು ಎರಡು ವರ್ಷದ ತೂಕ ಮಾತ್ರ ಚೆನ್ನಾಗಿದೆ, ಓದೂ ಬರದು, ಹಾಗಾಗಿ ಅವಳು ಅರ್ಜಿ ಹಾಕಲಿಲ್ಲ.

ಜೂನ್ ಕೊನೆಗೆ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಆ ಕಡೆ ಮ್ಯಾನೇಜರು, ಚೆಲಂಗಾಟ್ ಮೇಡಂ, ಬದಿಗೆ ದಪ್ಪ ಪುಸ್ತಕ ಹಿಡಿದು ರೈಟರು ಮರಿತಿಮ್. ನಾನು ಚರ್ಚಿನ ನೀಲಿ ಲಂಗ ಉಟ್ಟು ಹೋಗಿದ್ದೆ. ಮ್ಯಾನೇಜರು ಪುಸ್ತಕದಲ್ಲಿ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು.

"ಏನಮ್ಮಾ ಇದು? ಎಲ್ಲಾರೂ ನಿನ್ನ ಹೆಸರೇ ಹೇಳ್ತಾರೆ. ಪುಸ್ತಕ ನೋಡಿದ್ರೆ ಮೂರೂವರೆ ವರ್ಷ ದಿನಕ್ಕೆ ಇಪ್ಪತ್ನಾಲ್ಕೇ ಕಿಲೋ. ಇಡೀ ವಿಭಾಗದಲ್ಲಿ ಕೊನೆಯಿಂದ ಎರಡನೇದು. ಆಮೇಲೆ ಇದ್ದಕ್ಕಿದ್ದ ಹಾಗೆ ಐವತ್ತೆರಡು. ಯಾವಾಗಿಂದ? ನಿನ್ನ ಗಂಡ ಮೇಸ್ತ್ರಿ ಆದ ತಿಂಗಳಿಂದ. ನಾನು ಏನು ಅಂದ್ಕೋಬೇಕು?"

ನೋಡಿದೆಯಾ ಮಗಳೆ, ಹೇಗೆ ಸಿಕ್ಕಿಕೊಂಡೆ? ಅವರು ಮೇಸ್ತ್ರಿಯಾದ ಮೇಲೆ ಅವರ ನಂಬರು ಮುಚ್ಚಿತು, ನನ್ನ ಎಲೆ ನನ್ನ ನಂಬರಿಗೆ ಬಿತ್ತು, ಅಷ್ಟೇ. ಪುಸ್ತಕ ಓದುವವರಿಗೆ ಅದು ಹೇಗೆ ಕಾಣುತ್ತದೆ? ಇಷ್ಟು ವರ್ಷ ಮೈಗಳ್ಳಿ, ಈಗ ಗಂಡನ ಕೋಲಿನ ನೆರಳಲ್ಲಿ ಸುಳ್ಳು ತೂಕದವಳು. ಮೇಡಂ ನನ್ನನ್ನೇ ನೋಡುತ್ತಿದ್ದರು. "ಹೇಳಿ ಅಮ್ಮ, ಏನಿದ್ರೂ ಹೇಳಿ" ಅಂದರು.

ಸತ್ಯ ಹೇಳಿದರೆ ನಿಮ್ಮಪ್ಪನ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ತಗಡಿನ ಮನೆಯ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ನನ್ನದೊಂದು ಆಸೆ ಹೋಗುತ್ತದೆ, ಅಷ್ಟೇ ತಾನೇ. ನಿಮ್ಮಪ್ಪನ ಮುಖ ಕಣ್ಣ ಮುಂದೆ ಬಂತು. "ಮಕ್ಕಳು ದೊಡ್ಡೋರಾದ್ರು ಸಾರ್, ಈಗ ಪುರುಸೊತ್ತು, ಅದಕ್ಕೆ ಕಿಲೋ ಏರಿದೆ" ಎಂದುಬಿಟ್ಟೆ. ಮ್ಯಾನೇಜರು ಪುಸ್ತಕ ಮುಚ್ಚಿದರು.

ಮೇಸ್ತ್ರಿ ಕೆಲಸ ಜೆರೊಟಿಚ್‌ಗೆ ಸಿಕ್ಕಿತು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಆರು ವರ್ಷದಿಂದ ಇದ್ದಾಳೆ. ಕೈ ನನ್ನಷ್ಟು ಚುರುಕಲ್ಲ. ಆದರೆ ಮದುವೆಯಾಗಿಲ್ಲ ನೋಡು, ಕಿತ್ತಿದ್ದೆಲ್ಲ ಅವಳದೇ ಹೆಸರಲ್ಲಿ ಬಿದ್ದಿದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸುಳ್ಳೇಕೆ, ಮೊದಲ ವಾರ ಇತ್ತು. ನನ್ನ ಸಾಲಿಗೆ ಬಂದಾಗ ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತಾಳೆ. "ಅಮ್ಮಾ, ನಿಮಗೆ ನಾನೇನು ಹೇಳ್ಲಿ, ನೀವೇ ನೋಡ್ಕೊಳ್ಳಿ" ಅನ್ನುತ್ತಾಳೆ. ಒಳ್ಳೆ ಮನೆತನದ ಹುಡುಗಿ.

ಮೇಡಂ ಹೋಗುವ ದಿನ ಗೋಡೆಗೆ ಇನ್ನೊಂದು ಕಾಗದ ಅಂಟಿಸಿದರು. ನಮ್ಮ ಕೂಲಿ ಯಾಕೆ ಕಡಿಮೆ ಎನ್ನುವುದಕ್ಕೆ ಒಂಬತ್ತು ಕಾರಣ. ಕೂಸಿನ ಮನೆ ಇನ್ನು ಐದರವರೆಗೆ ತೆರೆದಿರುತ್ತದಂತೆ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಒಂದೇ ಕಾರಣವಾದರೆ ಅದರ ಕುತ್ತಿಗೆ ಹಿಡಿದು ಕೇಳಬಹುದಿತ್ತು. ಒಂಬತ್ತಿದ್ದರೆ ಯಾರನ್ನು ಬೈಯುವುದು? ಹತ್ತನೆಯದಕ್ಕಂತೂ ನನ್ನ ಕೈಯನ್ನೇ ಬೈದುಕೊಳ್ಳಬೇಕು. ಈ ಯೋಚನೆ ಮಾಡಿ ಮಾಡಿ ನನಗೆ ಸಾಕಾಗಿದೆ ಮಗಳೆ. ರಾಗಿ ಬೀಸಿದ ಹಾಗೆ ತಲೆಯಲ್ಲಿ ಅದೇ ತಿರುಗುತ್ತದೆ, ಹಿಟ್ಟು ಮಾತ್ರ ಬೀಳುವುದಿಲ್ಲ.

ನೀನು ಕೇಳಿದೆ: "ಅಮ್ಮಾ, ಡಾಕ್ಟರ ಹತ್ತಿರ ಹೋಗಿ ಜಗಳ ಮಾಡಲೇ, ಸುಮ್ಮನಿರಲೇ?" ನನ್ನ ಮಾತು ಕೇಳುವುದಾದರೆ ಸುಮ್ಮನಿದ್ದುಬಿಡು. ದುಡ್ಡು ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ಜೊತೆಯಲ್ಲಿ ಕೂತು ಕೆಲಸ ಮಾಡುವ ಮನುಷ್ಯ ಒಳ್ಳೆಯವನಾಗಿದ್ದರೆ ಅದೇ ದೊಡ್ಡದು. ಮುಂದೆ ಅವನೇ ನಿನ್ನ ಮನೆಯವನಾದರೆ ಬೇಯುವ ಗಡಿಗೆ ಒಂದೇ ಆಗುತ್ತದೆ. ಒಂದಿಷ್ಟು ಕಮ್ಮಿ ಬಂತೆಂದು ಯಾರೂ ಸಾಯುವುದಿಲ್ಲ. ಗಂಡಸರಿಗೆ ಸ್ವಲ್ಪ ಬಿಟ್ಟುಕೊಟ್ಟರೆ ಮನೆ ತಣ್ಣಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಚಳಿಗೆ ಸ್ವೆಟರ್ ಹಾಕಿಕೋ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು ಮಧ್ಯೆ ಎದ್ದು ಹೊರಗಿನ ಹಸಿರು ನೋಡು. ದೇವರು ನಿನ್ನ ಕಣ್ಣು ಕಾಯಲಿ, ಕೈ ಕಾಯಲಿ, ನೀನು ಕೂತ ಕುರ್ಚಿ ಕಾಯಲಿ. ಹಿರಿಯರೆಲ್ಲ ಮಾಡಿದ ಪುಣ್ಯ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಬೋಸಿಬೋರಿ

ಮರೆತ ಮಾತು. ಸೋಮವಾರ ಬೆಳಿಗ್ಗೆ.

ಲಕೋಟೆ ಅಂಟಿಸಲು ಕೂತು, ನಿನ್ನೆ ಬರೆದದ್ದನ್ನು ಒಮ್ಮೆ ಓದಿದೆ. ಚೆನ್ನಾಗಿಯೇ ಬರೆದಿದ್ದೇನೆ. ಓದಿದವರು ಎಂಥ ಹೆಂಡತಿ ಅನ್ನಬೇಕು. ಆದರೆ ಆಫೀಸಿನಲ್ಲಿ ಆದದ್ದು ಹಾಗಲ್ಲ ಕೆರೂಬೊ. ಅಲ್ಲಿ ನಾನು ಸುಮ್ಮನಿರಲಿಲ್ಲ.

ಮೇಡಂ ಒಂದು ಕಾಗದ ತೋರಿಸಿದ್ದರು, ಮ್ಯಾನೇಜರ ಸಹಿ ಇದ್ದದ್ದು. ನಂಬರು ಬದಲಿಸಿ ತೂಗಿಸಿದ ಹಳೆಯ ವಿಷಯ ಯಾರು ಒಪ್ಪಿಕೊಂಡರೂ ಶಿಕ್ಷೆಯಿಲ್ಲ, ಯಾರ ಕೆಲಸಕ್ಕೂ ಮನೆಗೂ ಕುತ್ತಿಲ್ಲ ಎಂದು ಬರೆದಿತ್ತು. ಎರಡು ಸಲ ಓದಿದೆ. ಆಮೇಲೆ ಎಲ್ಲ ಹೇಳಿದೆ. ಬೆಳಗಿನ ಬುಟ್ಟಿ, ಮಧ್ಯಾಹ್ನದ ಬುಟ್ಟಿ, ಐವತ್ತರ ಲೆಕ್ಕ, ತಗಡು. ಮೊಗಾಕ ಹೊಟ್ಟೆಯಲ್ಲಿದ್ದ ವರ್ಷ ನಿಮ್ಮಪ್ಪನಿಗೆ ಮಲೇರಿಯಾ ಬಂದು ಕೈ ನಡುಗುತ್ತಿತ್ತು, ತೂಕ ಬೀಳದಿದ್ದರೆ ಹೆಸರು ಹೊಡೆದುಹಾಕುತ್ತಾರೆಂದು ನಾನೇ ಮೊದಲ ಸಲ ನನ್ನ ಬುಟ್ಟಿಯನ್ನು ಅವರ ನಂಬರಿಗೆ ಸುರಿದೆ. ಅದನ್ನೂ ಹೇಳಿದೆ. ಹೇಳಿ ಮುಗಿದಾಗ ಹೊಟ್ಟೆ ಹಸಿಯಿತು, ಅಷ್ಟು ಹಗುರವಾಗಿತ್ತು. ಮೇಡಂ ಅಂದರು, "ನಿಮ್ಮ ಯಜಮಾನ್ರು, ಇಲ್ಲಾ ರೈಟರು, ಯಾರಾದ್ರೂ ಒಬ್ಬರು ಹೌದು ಅಂದ್ರೆ ಸಾಕಮ್ಮ. ಕೆಲಸ ನಿಮ್ಮದೇ."

ಮರಿತಿಮ್ ಪುಸ್ತಕದಿಂದ ತಲೆಯೆತ್ತಲಿಲ್ಲ. "ನಾನು ನಂಬರು ಬರೀತೀನಿ ಮೇಡಂ, ಮುಖ ನೋಡಲ್ಲ" ಅಂದ.

ನಿಮ್ಮಪ್ಪನನ್ನು ಕರೆಸಿದರು. ಅವರಿಗೂ ಮೇಡಂ ಆ ಕಾಗದ ನಿಧಾನಕ್ಕೆ ಓದಿ ಹೇಳಿದರು. ನಾನು ಅವರ ಮುಖ ನೋಡುತ್ತಿದ್ದೆ. ಅವರು ಟೋಪಿ ಕೈಯಲ್ಲಿ ಹಿಡಿದುಕೊಂಡು, ನಗುತ್ತಾ, "ಕೆರೂಬೊ ಅಮ್ಮ ಒಳ್ಳೇ ಹೆಂಗಸೇ ಮೇಡಂ, ಆದ್ರೆ ಎಲೆ ನಾನೇ ಕಿತ್ತಿದ್ದು. ಮಕ್ಕಳು ದೊಡ್ಡೋರಾದ್ರು, ಈಗ ಪುರುಸೊತ್ತು, ಅದಕ್ಕೆ ಅವಳ ಕಿಲೋ ಏರಿದೆ" ಅಂದರು. ನಾನು ಹೇಳಿದೆನೆಂದು ಮೇಲೆ ಬರೆದ ಮಾತು ಅವರದು.

ದಾರಿಯಲ್ಲಿ ಅಂದುಕೊಂಡೆ, ಪಾಪ ಹೆದರಿದರು, ಕಾಗದವನ್ನು ನಂಬಲಿಲ್ಲ ಎಂದು. ಹೆದರಿದ್ದರೆ ಅವತ್ತೇ ಕ್ಷಮಿಸಿಬಿಡುತ್ತಿದ್ದೆ. ಊಟಕ್ಕೆ ಕೂತಾಗ ಅವರೇ ಕೇಳಿದರು, "ಜನರ ಮುಂದೆ ಯಾಕೆ ಹಾಗಂದೆ? ಮಲೇರಿಯಾ ಬಂದಾಗ ಎರಡು ವಾರ ನೀನು ಕೈ ಹಾಕಿದ್ದೆ, ಇಲ್ಲ ಅನ್ನಲ್ಲ. ಹದಿನೆಂಟು ವರ್ಷ ಅಂತೀಯಲ್ಲೇ!" ಸುಳ್ಳು ಹೇಳುವಾಗ ನಿಮ್ಮಪ್ಪ ಕಿವಿ ಉಜ್ಜಿಕೊಳ್ಳುತ್ತಾರೆ, ನಿನಗೆ ಗೊತ್ತು. ಕೈ ಕಿವಿಯ ಹತ್ತಿರ ಹೋಗಲೇ ಇಲ್ಲ. "ಮತ್ತೆ ಮಧ್ಯಾಹ್ನದ ಬುಟ್ಟಿ ಯಾರದು?" ಅಂದೆ. ಯೋಚನೆ ಮಾಡಿದರು ಮಗಳೆ, ನಿಜವಾಗಿ ನೆನಪು ಮಾಡಿಕೊಂಡರು. "ನಂದೇ" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ನಾನು ಕೈಲಾಗದೋನು ಅಂತಲಾ?" ಅಂದರು. "ಅಯ್ಯೋ ಇಲ್ಲ, ನಿಮ್ಮಂಥ ಕೈ ಈ ತೋಟದಲ್ಲಿ ಯಾರಿಗಿತ್ತು" ಎಂದು ಇನ್ನಷ್ಟು ಉಗಾಲಿ ಬಡಿಸಿದೆ.

ಕೆಲಸ ಹೋದದ್ದು ಹೋಗಲಿ. ಹದಿನೆಂಟು ವರ್ಷ ಪಕ್ಕದ ಸಾಲಿನಲ್ಲೇ ನಿಂತು ಅವರಿಗಾಗಿ ಕಿತ್ತೆ, ಅವರಿಗೆ ನಾನು ಕಾಣಲೇ ಇಲ್ಲ. ಇದನ್ನು ಯಾರಿಗೆ ಹೇಳಲಿ? ನಸಿಮಿಯುಗೂ ಹೇಳಿಲ್ಲ.

ನಿನ್ನೆ ಸುಮ್ಮನಿರು ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಈ ಪತ್ರ ಕೈಗೆ ಸಿಕ್ಕಿದ ದಿನವೇ ಬರಾಸಾನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗು. ಯಾವ ಯಾವ ಗಾಜು ನೀನು ನೋಡಿದ್ದು ಎಂದು ಅವನ ಬಾಯಿಂದಲೇ ಹೇಳಿಸು. ಹುಡುಗ ಒಳ್ಳೆಯವನೇ ಇರಬಹುದು, ನಿಮ್ಮಪ್ಪನೂ ಒಳ್ಳೆಯವರೇ. ತಡ ಮಾಡಬೇಡ ಮಗಳೆ, ಅವನಿಗೆ ಇನ್ನೂ ನೆನಪಿದೆ.